ಬಸ್ತ್ಯಾಂವ್ ಸರ್ ನಿಲ್ಲಿಸಿದ ಸಾಲು

ಪ್ರಪಂಚದಲ್ಲಿ ಪಿ.ಟಿ. ಮಾಸ್ತರರು ಅನ್ನಿಸಿಕೊಂಡವರೆಲ್ಲ ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಾರೆ. ಗಿಡ್ಡವರು ಮುಂದೆ, ಉದ್ದದವರು ಹಿಂದೆ, ಕೈ ಚಾಚಿ ಅಂತರ ನೋಡಿಕೊಳ್ಳಿ, ಮುಗಿಯಿತು. ನಮ್ಮ ಬಸ್ತ್ಯಾಂವ್ ಸರ್ ಒಂದು ದಿನವೂ ಹಾಗೆ ನಿಲ್ಲಿಸಿದವರಲ್ಲ. ಬೆಳಗಿನ ಅಸೆಂಬ್ಲಿಗೆ ಸೀಟಿ ಊದಿ, "ಇವತ್ತು ಯಾರ ಅಜ್ಜಿಮನೆ ಎಲ್ಲಕ್ಕಿಂತ ದೂರವೋ ಅವರು ಮುಂದೆ" ಎನ್ನುತ್ತಿದ್ದರು. ಮರುದಿನ, "ನಿನ್ನೆ ಮನೆಯಲ್ಲಿ ಹೆಚ್ಚು ಬೈಸಿಕೊಂಡವರು ಮುಂದೆ." ಇನ್ನೊಂದು ದಿನ, "ಹಲ್ಲು ಹೆಚ್ಚು ಬಿದ್ದವರು ಮುಂದೆ." ಮಕ್ಕಳು ತಮ್ಮ ಜಾಗ ಹುಡುಕಿಕೊಳ್ಳಬೇಕಾದರೆ ಒಬ್ಬರನ್ನೊಬ್ಬರು ಕೇಳಲೇಬೇಕು. ನಿನ್ನ ಅಜ್ಜಿ ಎಲ್ಲಿ, ನಿನಗೆ ಯಾರು ಬೈದರು, ಬಾಯಿ ತೆರೆ ನೋಡುವ ಎಂದು ಅಂಗಳವಿಡೀ ಗಲಾಟೆ ಎದ್ದು, ಆಮೇಲೆ ತನ್ನಷ್ಟಕ್ಕೆ ಒಂದು ಸಾಲು ಆಗುತ್ತಿತ್ತು. ಉದ್ದದವನ ಪಕ್ಕ ಗಿಡ್ಡ, ಗಿಡ್ಡನ ಪಕ್ಕ ಇನ್ನೊಬ್ಬ ಉದ್ದದವ. ನೋಡಲಿಕ್ಕೆ ಚಂದ ಇರುತ್ತಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ.

ಪ್ರಿನ್ಸಿಪಾಲ್ ಮಿಸೆಸ್ ಮಾಥುರ್ ಅವರಿಗೆ ಆ ಸಾಲು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಶಿಸ್ತಿಲ್ಲ, ಗದ್ದಲ, ಗೇಟಿನ ಹೊರಗಿನವರು ಏನೆಂದುಕೊಳ್ಳಬೇಕು ಎಂದು ದಿನಾ ಮೈಕಿನ ಹಿಂದೆ ಹಲ್ಲು ಕಚ್ಚುತ್ತಿದ್ದರು. ಬಸ್ತ್ಯಾಂವ್ ಸರ್, "ಎರಡು ನಿಮಿಷದ ಗದ್ದಲ ಮೇಡಂ, ಆಮೇಲೆ ದಿನವಿಡೀ ಜಗಳ ಕಡಿಮೆ" ಎಂದು ವಿನಯವಾಗಿಯೇ ಹೇಳಿ, ಮರುದಿನ ಮತ್ತೆ ಅದನ್ನೇ ಮಾಡುತ್ತಿದ್ದರು.

ಇದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮಾತು. ಏಷ್ಯನ್ ಗೇಮ್ಸಿಗೆಂದು ಕತಾರಿನ ದೋಹಾ ಪಟ್ಟಣವನ್ನು ಎಲ್ಲಿ ನೋಡಿದರಲ್ಲಿ ಅಗೆದು ಹಾಕಿದ್ದರು. ನಾನು ಆಗ ಅಲ್ಲಿ ಭಾರತೀಯರೇ ನಡೆಸುತ್ತಿದ್ದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸ್ 'ಬಿ'ಯ ಟೀಚರ್. ಬಸ್ತ್ಯಾಂವ್ ಸರ್ ಬಂದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ನಾನು, ಉಡುಪಿಯ ಶೋಭಾ ಮಿಸ್ ಚಾ ಕುಡಿಯುತ್ತಿದ್ದೆವು. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಶೋಭಾ, "ಹೊಸ ಪಿ.ಟಿ. ಸರ್ ಆಫ್ರಿಕಾದವರಂತೆ ಮಾರಾಯ್ತಿ. ಇನ್ನು ಅವರ ಹತ್ರ ಎಂತ ಭಾಷೆಯಲ್ಲಿ ಮಾತಾಡುವುದು?" ಎಂದಳು.

"ಕನ್ನಡದಾಗ ಮಾತಾಡ್ರಿ ಅಕ್ಕೋರ, ನಡಿತೈತಿ" ಎಂದು ಹಿಂದಿನಿಂದ ಸ್ವರ ಬಂತು. "ಆ ಕುರ್ಚಿ ಖಾಲಿ ಐತೇನ್ರಿ?"

ಶೋಭಾಳ ಚಾ ಸೀರೆಯ ಮೇಲೆ ಚೆಲ್ಲಿತು. ಕುರ್ಚಿಯ ಮೇಲೆ ಅವಳ ಬ್ಯಾಗು ಇತ್ತು. ಅದನ್ನು ತೆಗೆಯಲಿಕ್ಕೂ ಅವಳಿಗೆ ತೋಚಲಿಲ್ಲ. ಆತ ಇನ್ನೊಂದು ಕುರ್ಚಿ ಎಳೆದುಕೊಂಡು ಡಬ್ಬಿ ಬಿಚ್ಚಿ ಊಟಕ್ಕೆ ಕೂತರು. ಖುಬ್ಬೂಸ್ ರೊಟ್ಟಿ, ಅದರ ಜೊತೆ ಊರಿಂದ ತಂದ ಒಣ ಸಿಗಡಿ ಚಟ್ನಿ. ಚಟ್ನಿಯನ್ನು ನಮ್ಮ ಕಡೆಗೂ ಸರಿಸಿದರು. ಹೆಸರು ಬಸ್ತ್ಯಾಂವ್ ಸಿದ್ದಿ, ಊರು ಹಳಿಯಾಳದ ಹತ್ತಿರ ಎಂದು ಗೊತ್ತಾದದ್ದು ಆ ಚಟ್ನಿ ತಿನ್ನುವಾಗ. ಉತ್ತರ ಕನ್ನಡದ ಕಾಡುಗಳಲ್ಲಿರುವ ಸಿದ್ದಿ ಸಮುದಾಯದವರು. ಪೂರ್ವಿಕರು ಆಫ್ರಿಕಾದವರು, ಇವರು ಅಪ್ಪಟ ಹಳಿಯಾಳದವರು. ಅವರ ಕಡೆ ಶಾಲೆಯ ಹೆಣ್ಣು ಟೀಚರರನ್ನು ಅಕ್ಕೋರು ಎನ್ನುತ್ತಾರೆ. ವಾರಿಜಾ ಮಿಸ್ ಆಗಿದ್ದ ನಾನು ಅಂದಿನಿಂದ ಅವರ ಬಾಯಲ್ಲಿ ಅಕ್ಕೋರು ಆದೆ.

ದೋಹಾದಲ್ಲಿ ಅವರನ್ನು ಯಾರೂ ಇದ್ದ ಹಾಗೆ ಒಪ್ಪಿಕೊಳ್ಳುತ್ತಿರಲಿಲ್ಲ. ಟ್ಯಾಕ್ಸಿಯವನು "ಸುಡಾನ್? ಎರಿಟ್ರಿಯಾ?" ಎಂದು ಕೇಳಿದರೆ ಇವರು ಗಂಭೀರವಾಗಿ "ಹಳಿಯಾಳ" ಎನ್ನುತ್ತಿದ್ದರು. ಅದೆಲ್ಲಿದೆ ಎಂದರೆ "ದಾಂಡೇಲಿ ಬಾಜೂಕ." ಶಾಲೆಯ ಗೇಟಿನಲ್ಲಿದ್ದ ಸುಡಾನಿ ಕಾವಲುಗಾರ ಇದ್ರೀಸ್ ಮೊದಲ ದಿನ ಸಂಭ್ರಮದಿಂದ ಅಪ್ಪಿಕೊಂಡು ಅರಬಿಯಲ್ಲಿ ಏನೇನೋ ಹೇಳಿದನಂತೆ. ಇವರಿಗೆ ಹೊರಡು ಎನ್ನಲು ಯಲ್ಲಾ, ಮುಗಿಯಿತು ಎನ್ನಲು ಖಲಾಸ್ ಬಿಟ್ಟು ಒಂದು ಪದ ಬರುವುದಿಲ್ಲ ಎಂದು ತಿಳಿದು ಅವನಿಗೆ ಎರಡು ದಿನ ಬೇಜಾರು. ಮೂರನೇ ದಿನದಿಂದ ಇಬ್ಬರೂ ಒಂದೇ ಲೋಟದ ಚಾ ಹಂಚಿಕೊಂಡು, ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡು ಕೂರುತ್ತಿದ್ದರು. ನಮ್ಮವರೇ ಮಾಡಿದ ರಾಜ್ಯೋತ್ಸವದ ಬಾಗಿಲಲ್ಲಿ ಒಬ್ಬ ಸ್ವಯಂಸೇವಕ, ಇದು ಕರ್ನಾಟಕದವರ ಕಾರ್ಯಕ್ರಮ ಎಂದು ಇಂಗ್ಲಿಷಿನಲ್ಲಿ ಅಡ್ಡ ಬಂದ. "ಹೌದ್ರೀ, ಅದಕ್ಕ ಬಂದೇನಿ" ಎಂದರು ಬಸ್ತ್ಯಾಂವ್ ಸರ್. ಅವನು ಪೆಚ್ಚಾಗಿ ನಕ್ಕ. ಇವರು ನಗಲಿಲ್ಲ. ಬಗ್ಗಿ, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿಕೊಂಡರು.

ಅದು ಅವರ ಸಿಟ್ಟು. ನನಗೆ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ನಮಗೆಲ್ಲ ಸಿಟ್ಟು ಬಂದರೆ ಸ್ವರ ಏರುತ್ತದೆ, ನನ್ನದಂತೂ ಪಕ್ಕದ ಕ್ಲಾಸಿಗೆ ಕೇಳುತ್ತದೆ. ಬಸ್ತ್ಯಾಂವ್ ಸರ್‌ಗೆ ಸಿಟ್ಟು ಬಂದರೆ ಸ್ವರ ತಗ್ಗುತ್ತಿತ್ತು, ಆಮೇಲೆ ಬಗ್ಗಿ ಲೇಸು ಕಟ್ಟುತ್ತಿದ್ದರು. ಒಂದು ಕಾಲಿನದಾದರೆ ಪರವಾಗಿಲ್ಲ. ಎರಡೂ ಕಾಲಿನದು ಕಟ್ಟಿದರೆ ಹತ್ತಿರ ನಿಲ್ಲಬಾರದು.

ಬಂದ ಮರುವರ್ಷ ಅವರು ಖುಷಿಯಲ್ಲಿದ್ದರು. ಡಿಸೆಂಬರಿಗೆ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ದೋಹಾಕ್ಕೆ ಕರೆಸುವುದೆಂದು ತೀರ್ಮಾನವಾಗಿತ್ತು. ಫ್ಯಾಮಿಲಿ ವೀಸಾದ ಕಾಗದಕ್ಕೆ ಶಾಲೆಯ ಸಹಿ ಬೀಳುವುದೊಂದೇ ಬಾಕಿ. ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಹಂಚಿಕೊಂಡಿದ್ದ ರೂಮು ಬಿಟ್ಟು ಒಂದು ಸಣ್ಣ ಮನೆ ನೋಡಿಟ್ಟಿದ್ದರು. "ಹುಡುಗ್ಯಾರು ವಿಮಾನದಾಗ ಕಿಡಕಿ ಬಾಜೂ ಯಾರು ಕೂಡೂದು ಅಂತ ಈಗ ಜಗಳಾ ಶುರು ಮಾಡ್ಯಾವ್ರಿ ಅಕ್ಕೋರ" ಎಂದು ವಾರಕ್ಕೊಮ್ಮೆಯಾದರೂ ನನಗೆ ಹೇಳುತ್ತಿದ್ದರು.

ಅಕ್ಟೋಬರಿನಲ್ಲಿ ಮಿಸೆಸ್ ಮಾಥುರ್ ಒಂದು ನೋಟಿಸು ಹಾಕಿದರು. ನಮ್ಮ ಶಾಲೆಗೆ ಇಂಗ್ಲೆಂಡಿನ ಒಂದು ಬೋರ್ಡಿನ ಮಾನ್ಯತೆ ಸಿಗುವುದರಲ್ಲಿತ್ತು. ಅದನ್ನು ಪರಿಶೀಲಿಸಲು ಇಬ್ಬರು ಬರುವವರಿದ್ದರು. ಅಲ್ಲಿನ ಶಾಲೆಗಳಲ್ಲಿ ಆ ತಿಂಗಳು ಕಪ್ಪು ಜನರ ಇತಿಹಾಸವನ್ನು ಮಕ್ಕಳ ಜೊತೆ ಆಚರಿಸುವ ರೂಢಿಯಿದೆ. ಹಾಗಾಗಿ ನಮ್ಮಲ್ಲೂ 'ಬ್ಲ್ಯಾಕ್ ಹಿಸ್ಟರಿ ವೀಕ್'. ಕೊನೆಯ ದಿನ, ಬಂದವರ ಎದುರು, ಮೂರನೇ ಕ್ಲಾಸಿನ ಮಕ್ಕಳಿಂದ ನಾಟಕ. ಜವಾಬ್ದಾರಿ ಶೋಭಾ ಮಿಸ್‌ದು.

ಶೋಭಾ ಕೆಟ್ಟವಳಲ್ಲ. ಮಕ್ಕಳಿಗೆ ಜ್ವರ ಬಂದರೆ ಮಡಿಲಲ್ಲಿ ಮಲಗಿಸಿಕೊಳ್ಳುವವಳು. ಆದರೆ ನಮ್ಮ ಕರಾವಳಿಯವರಿಗೆ ವೇದಿಕೆ ಎಂದ ಕೂಡಲೇ ನೆನಪಾಗುವುದು ಬಣ್ಣದ ಪೆಟ್ಟಿಗೆ. ಅವಳ ಗಂಡ ದೋಹಾದ ಕನ್ನಡ ಸಂಘದ ಯಕ್ಷಗಾನಕ್ಕೆ ಬಣ್ಣ ಹಚ್ಚುವವರು. ಮನೆಯಲ್ಲಿ ಪೆಟ್ಟಿಗೆ ತಯಾರಿತ್ತು. ನಾಟಕದಲ್ಲಿ ಹತ್ತಿ ಹೊಲ, ಹೊಲದಲ್ಲಿ ಗುಲಾಮರು, ಚಾಟಿ ಹಿಡಿದ ಯಜಮಾನ, ಕೊನೆಗೆ ಒಂದು ಭಾಷಣ, ಒಂದು ಹಾಡು. ಇಷ್ಟು ಮಕ್ಕಳಿಗೆ ಕಪ್ಪು ಬಳಿಯಲು ಹೊತ್ತು ಸಾಲುವುದಿಲ್ಲ ಎಂದು ಅವಳು ಒಂದು ಸುಲಭದ ಉಪಾಯ ಹೂಡಿದಳು. ಮೂರನೇ ಕ್ಲಾಸಿನ ಎಲ್ಲ ಮಕ್ಕಳನ್ನೂ ಕಾರಿಡಾರಿನಲ್ಲಿ ಬಣ್ಣದ ಪ್ರಕಾರ ಸಾಲು ನಿಲ್ಲಿಸಿದಳು. ಬೆಳ್ಳಗಿನವರು ಈ ತುದಿಗೆ, ಅವರು ಯಜಮಾನರು. ಕಪ್ಪಗಿನವರು ಆ ತುದಿಗೆ, ಅವರು ಗುಲಾಮರು. ನಡುವಿನವರಿಗೆ ಮಾತ್ರ ಬಣ್ಣ. "ನೀನು ಇವನಿಗಿಂತ ಒಂಚೂರು ಬೆಳ್ಳಗೆ, ಈಚೆ ಬಾ" ಎಂದು ಒಬ್ಬೊಬ್ಬರ ಭುಜ ಹಿಡಿದು ಸರಿಸುತ್ತಾ ಹೋದಳು.

ಸಾಲಿನ ಕಟ್ಟಕಡೆಗೆ ಹೋಗಿ ನಿಂತದ್ದು ನನ್ನ ಕ್ಲಾಸಿನ ಪವಿತ್ರಾ. ಕಾರ್ಕಳದ ಕಡೆಯ ಹುಡುಗಿ, ಅವಳಪ್ಪ ದೋಹಾದ ಹೊರಗೆ ಲುಸೈಲಿನಲ್ಲಿ ಕ್ರೇನ್ ಓಡಿಸುತ್ತಿದ್ದರು. ಕ್ಲಾಸಿನಲ್ಲಿ ಅವಳಷ್ಟು ಮಾತಿನ ಮಲ್ಲಿ ಇನ್ನೊಬ್ಬಳಿರಲಿಲ್ಲ. ಬಸ್ತ್ಯಾಂವ್ ಸರ್ ಬೆಳಗ್ಗೆ ಸೀಟಿ ಊದಿದರೆ ಎಲ್ಲರ ಅಜ್ಜಿಮನೆ ವಿಚಾರಿಸಿ ಸಾಲನ್ನು ಕಟ್ಟುತ್ತಿದ್ದವಳೇ ಅವಳು. ಶೋಭಾ ಅವಳ ಗಲ್ಲ ಹಿಡಿದು, ಪ್ರೀತಿಯಿಂದಲೇ, "ಇವಳಿಗೆ ಮೇಕಪ್ಪೇ ಬೇಡ ಮಾರಾಯ್ರೆ!" ಎಂದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಪವಿತ್ರಾಳೂ ನಗಲು ನೋಡಿದಳು, ಆಗಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ. "ಎಂತ ಶೋಭಾ ಇದು, ಮಕ್ಕಳನ್ನು ಬ್ಲೌಸ್ ಪೀಸ್ ಮ್ಯಾಚ್ ಮಾಡಿದ ಹಾಗೆ ಮಾಡ್ತೀಯಲ್ಲ?" ಎಂದೆ.

"ನಿನ್ನದು ಅತಿಯಾಯಿತು ವಾರಿಜಾ. ಎತ್ತರ ನೋಡಿ ನಿಲ್ಲಿಸಿದರೆ ತಪ್ಪಿಲ್ಲ, ಬಣ್ಣ ನೋಡಿ ನಿಲ್ಲಿಸಿದರೆ ಎಂತ ತಪ್ಪು? ನಾಟಕ ಅಲ್ವಾ?" ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಜಗಳವಾಡಿ ಪ್ರಯೋಜನವಾಗಲಿಲ್ಲ, ನಾಟಕ ಪ್ರಿನ್ಸಿಪಾಲರ ಅಪ್ಪಣೆಯದ್ದು.

ಮರುದಿನ ಪವಿತ್ರಾ ಕುತ್ತಿಗೆಯಿಂದ ಹಣೆಯವರೆಗೆ ಪೌಡರು ಬಳಿದುಕೊಂಡು ಬಂದಳು. ಸೆಖೆಗೆ ಅದು ಬೆವರಿನಲ್ಲಿ ಕರಗಿ ಕೆನ್ನೆಯ ಮೇಲೆ ಗೆರೆಗೆರೆಯಾಗಿತ್ತು. ಅಸೆಂಬ್ಲಿಯಲ್ಲಿ ಸೀಟಿ ಊದಿದಾಗ ಯಾರನ್ನೂ ಏನೂ ಕೇಳದೆ ನೇರ ಹೋಗಿ ಸಾಲಿನ ತುದಿಯಲ್ಲಿ ನಿಂತಳು. ಅದರ ಮರುದಿನವೂ ಹಾಗೇ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವಳು. ಅವಳ ಸ್ವರ ಹೇಗಿತ್ತೆಂದು ಮರೆತುಹೋಗುತ್ತದೋ ಎಂದು ನನಗೆ ಭಯವಾಯಿತು.

ಬಸ್ತ್ಯಾಂವ್ ಸರ್ ನನ್ನನ್ನು ಮೆಟ್ಟಿಲ ಹತ್ತಿರ ತಡೆದರು. "ಅಕ್ಕೋರ, ಆ ಹುಡುಗಿ ಬಾಯಿ ಯಾರು ಹೊಲದಾರ?"

ನಾನು ಕಾರಿಡಾರಿನ ಸಾಲಿನ ಕಥೆ ಹೇಳಿದೆ. ಅವರು ಮೆಟ್ಟಿಲ ಮೇಲೆ ಕಾಲಿಟ್ಟು ಒಂದು ಲೇಸು ಕಟ್ಟಿದರು. ಆಮೇಲೆ ಇನ್ನೊಂದು ಕಾಲಿಟ್ಟು ಅದರದ್ದೂ ಕಟ್ಟಿದರು. ನಾನು ಒಂದು ಮೆಟ್ಟಿಲು ಹಿಂದೆ ಸರಿದೆ.

ಅಂದಿನ ರಿಹರ್ಸಲ್ ಊಟದ ಬಿಡುವಿನಲ್ಲಿ. ಶೋಭಾ ಮಕ್ಕಳನ್ನು ಮತ್ತೆ ಅದೇ ಕ್ರಮದಲ್ಲಿ ನಿಲ್ಲಿಸಿದ್ದಳು. ಬಸ್ತ್ಯಾಂವ್ ಸರ್ ಬಂದರು. ಕೂಗಾಡುತ್ತಾರೆ, ಸೀಟಿ ಊದಿ ಎಲ್ಲರನ್ನೂ ಚದುರಿಸುತ್ತಾರೆ ಎಂದು ನಾನು ಕಾದೆ. ಅವರು ಮೆಲುದನಿಯಲ್ಲಿ, "ಅಕ್ಕೋರ, ಈ ಸಾಲಿನ್ಯಾಗ ನಾ ಎಲ್ಲಿ ನಿಂದ್ರಲಿ?" ಎಂದು ಕೇಳಿದರು.

ಶೋಭಾಳ ಮುಖ ಕೆಂಪೇರಿತು. "ನೀವು ಬೇಡ ಸರ್, ಇದು ಮಕ್ಕಳದ್ದು."

"ಇಲ್ರಿ. ನನಗೂ ಒಂದು ಜಾಗಾ ಇರಬೇಕಲ್ಲ ಇದರಾಗ." ನಡೆದು ಹೋಗಿ ಪವಿತ್ರಾಳ ಆಚೆ ಬದಿಗೆ ಕೈ ಹಿಂದೆ ಕಟ್ಟಿ ನಿಂತರು. ರಿಹರ್ಸಲ್ ಮುಗಿಯುವವರೆಗೂ ಅಲ್ಲಿಂದ ಅಲುಗಲಿಲ್ಲ. ಶೋಭಾ ಸಂಭಾಷಣೆ ಹೇಳಿಕೊಡಲು ಬಾಯಿ ತೆರೆದರೆ ಕಣ್ಣು ಅತ್ತ ಹೋಗುತ್ತಿತ್ತು, ಮಾತು ತಪ್ಪುತ್ತಿತ್ತು. ಚಾಟಿ ಹಿಡಿದ ಹುಡುಗ ಅವರನ್ನು ನೋಡಿ ಚಾಟಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಮರುದಿನವೂ ಬಂದು ನಿಂತರು. ಊಟ ಬಿಟ್ಟು ನಿಂತರು. ಆಗ ಒಂದು ವಿಚಿತ್ರ ನಡೆಯಿತು. ಬೆಳ್ಳಗಿನ ತುದಿಯ ಮಕ್ಕಳು ಒಬ್ಬೊಬ್ಬರಾಗಿ ಜಾರಿ ಬಂದು ಬಸ್ತ್ಯಾಂವ್ ಸರ್ ಅವರ ಆಚೆ ಬದಿಗೆ ನಿಲ್ಲತೊಡಗಿದರು. ಸರ್ ಪಕ್ಕ ನಿಲ್ಲಲು ನೂಕಾಟ. ಶೋಭಾ ಗದರಿಸಿ ಕಳಿಸಿದರೆ ಮತ್ತೆ ಬಂದರು. ಕೊನೆಗೆ ಅವಳು ಅಳುತ್ತಾ ಪ್ರಿನ್ಸಿಪಾಲರ ಕೋಣೆಗೆ ಹೋದಳು.

ಬಸ್ತ್ಯಾಂವ್ ಸರ್‌ಗೂ, ಕ್ಲಾಸ್ ಟೀಚರ್ ಎಂದು ನನಗೂ ಕರೆ ಬಂತು. ಮಿಸೆಸ್ ಮಾಥುರ್ ಬೈಯಲಿಲ್ಲ. ನಗುತ್ತಾ ಕೂರಿಸಿದರು; ನನಗೆ ಆ ನಗುವೇ ಹೆದರಿಕೆ. "ಮಿಸ್ಟರ್ ಸಿದ್ದಿ, ನಮ್ಮ ಶಾಲೆಯಲ್ಲೇ ನಿಮ್ಮಂಥವರು ಒಬ್ಬರಿರುವುದು ನಮ್ಮ ಅದೃಷ್ಟ. ನೀವೇ ಯಾಕೆ ವೇದಿಕೆಗೆ ಬರಬಾರದು? ಚಿರತೆ ಚರ್ಮದಂಥ ಬಟ್ಟೆ ತರಿಸುತ್ತೇನೆ. ಡೋಲು ಬಾರಿಸಿ, ಸ್ವಲ್ಪ ಕುಣಿಯಿರಿ. ಬಂದವರಿಗೆ ತುಂಬಾ ಇಷ್ಟವಾಗುತ್ತದೆ."

"ಕುಣಿಯಲು ನನಗೆ ನಾಚಿಕೆ ಇಲ್ಲ ಮೇಡಂ. ನಮ್ಮ ಹಬ್ಬದಲ್ಲಿ ಕುಣಿಯುತ್ತೇನೆ. ಬಣ್ಣ ಬಳಿದ ಮಕ್ಕಳ ನಡುವೆ ಚಿರತೆ ಬಟ್ಟೆ ಹಾಕಿ ಕುಣಿಯುವುದಿಲ್ಲ" ಎಂದರು ಸರ್, ತಮ್ಮ ಹಳಿಯಾಳದ ಇಂಗ್ಲಿಷಿನಲ್ಲಿ. "ಮಕ್ಕಳಿಗೆ ಬಣ್ಣ ಬೇಡ. ಆ ಸಾಲು ಬೇಡ. ಹತ್ತು ನಿಮಿಷ ನನಗೆ ಕೊಡಿ, ನಾನೇ ಅವರ ಜೊತೆ ನಿಲ್ಲುತ್ತೇನೆ."

ಮಿಸೆಸ್ ಮಾಥುರ್ ಮೇಜಿನ ಮೇಲಿದ್ದ ಒಂದು ಕಾಗದವನ್ನು ಬೆರಳಲ್ಲಿ ಆಚೀಚೆ ಸರಿಸಿದರು. "ನಿಮ್ಮ ಕುಟುಂಬದ ವೀಸಾ ಕಾಗದ ಇಲ್ಲೇ ಇದೆ. ಸಹಿ ಮಾಡಬೇಕೆಂದೇ ತೆಗೆದಿಟ್ಟಿದ್ದೆ. ಮತ್ತೊಮ್ಮೆ ಯೋಚಿಸಿ."

ಸರ್ ಬಗ್ಗಿದರು. ಬಗ್ಗಿ ಲೇಸು ಮುಟ್ಟಿದರು, ಕಟ್ಟಲಿಲ್ಲ, ಹಾಗೇ ಎದ್ದು ಕೂತರು. "ಯೋಚಿಸಿಯೇ ಹೇಳಿದೆ ಮೇಡಂ."

ಬಂದವರ ಎದುರು ಗಲಾಟೆಯಾಗುವುದು ಮಿಸೆಸ್ ಮಾಥುರ್‌ಗೂ ಬೇಡವಾಗಿತ್ತು. ಬಣ್ಣ ಹಚ್ಚುವುದಿಲ್ಲ, ಹತ್ತಿ ಹೊಲದ ನಾಟಕ ಹಾಗೇ ಇರಲಿ, ಅದಾದ ಮೇಲೆ ಹತ್ತು ನಿಮಿಷ ನಿಮ್ಮದು ಎಂದರು. "ಅದು ಕೆಟ್ಟರೆ ಖಲಾಸ್" ಎಂದು ಕೂಡ ಹೇಳಿದರು. ಹೊರಗೆ ಬಂದು ನಾನು, "ಎಂತ ಸರ್ ನೀವು, ಮನೆ ನೋಡಿಟ್ಟಿದ್ದೀರಿ, ಮಕ್ಕಳು ಕಾಯ್ತಿದ್ದಾರೆ" ಎಂದೆ. ಅವರು, "ನನಗ ಗೊತ್ತೈತ್ರಿ ಅಕ್ಕೋರ" ಎಂದಷ್ಟೇ ಹೇಳಿ ಮೈದಾನಕ್ಕೆ ಹೋದರು.

ಅಲ್ಲಿ ಶುಕ್ರವಾರ ರಜೆ, ಹಾಗಾಗಿ ಕೊನೆಯ ದಿನ ಗುರುವಾರ. ಅಂದು ಸಭಾಂಗಣದ ಮುಂದಿನ ಸಾಲಿನಲ್ಲಿ ಇಂಗ್ಲೆಂಡಿನಿಂದ ಬಂದ ಒಬ್ಬ ಹೆಂಗಸು, ಒಬ್ಬ ಗಂಡಸು ಕೂತಿದ್ದರು. ಥರ್ಮೋಕೋಲಿನ ಹತ್ತಿ ಗಿಡಗಳ ನಡುವೆ ನಾಟಕ ಹೇಗೋ ಮುಗಿಯಿತು. ಪವಿತ್ರಾಳಿಗೆ ಒಂದೇ ಒಂದು ಮಾತು ಇತ್ತು. ಅದು ಬಂದಾಗ ಅವಳು ಸುಮ್ಮನೆ ನಿಂತಳು. ಪಕ್ಕದವಳು ಅದನ್ನೂ ಸೇರಿಸಿ ಹೇಳಿಬಿಟ್ಟಳು.

ಬಸ್ತ್ಯಾಂವ್ ಸರ್ ದಿನದ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಸೀಟಿ ಹಾಕಿಕೊಂಡೇ ವೇದಿಕೆ ಹತ್ತಿದರು. "ನನ್ನ ಅಜ್ಜನ ಅಜ್ಜನ ಊರು ಆಫ್ರಿಕಾದಲ್ಲಿತ್ತು. ಯಾವ ಊರೆಂದು ನನಗೆ ಗೊತ್ತಿಲ್ಲ, ಹೇಳುವವರು ಯಾರೂ ಉಳಿದಿಲ್ಲ. ಇವತ್ತಿನ ಸಾಲು ಇದು: ನನಗೆ ಯಾರು ಪ್ರಶ್ನೆ ಕೇಳುತ್ತಾರೋ ಅವರು ಮುಂದೆ" ಎಂದರು.

ಯಾರೂ ಬರಲಿಲ್ಲ. ದಿನಾ ಅಂಗಳವಿಡೀ ಗಲಾಟೆ ಎಬ್ಬಿಸುವ ಮಕ್ಕಳು ಅಷ್ಟು ಜನರ ಎದುರು ಕಲ್ಲಾಗಿದ್ದರು. ಮಿಸೆಸ್ ಮಾಥುರ್ ಗಡಿಯಾರ ನೋಡಿದರು. ಒಂದು ನಿಮಿಷ ಹೋಯಿತು. ಸರ್ ಕಾದರು. ನಾನು ಬದಿಯ ಪರದೆಯ ಹತ್ತಿರ ನಿಂತು, ಯಾರಾದರೂ ಬನ್ನಿರೋ, ಏನಾದರೂ ಕೇಳಿರೋ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಆಗ ಸಾಲಿನ ತುದಿಯಿಂದ ಪವಿತ್ರಾ ಹೊರಟಳು. ಮುಖದ ಮೇಲೆ ಪೌಡರಿನ ಗೆರೆ ಹಾಗೇ ಇತ್ತು. ಸರ್ ಎದುರು ನಿಂತು, ಇಂಗ್ಲಿಷಿನಲ್ಲಿ, ಹಾಲಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಕೇಳಿದಳು. "ಸರ್, ನೀವು ಸಣ್ಣವರಿದ್ದಾಗ ಬೆಳ್ಳಗೆ ಕಾಣಲಿಕ್ಕೆ ಪೌಡರ್ ಹಾಕ್ತಿದ್ರಾ?"

ಬಸ್ತ್ಯಾಂವ್ ಸರ್ ಬಗ್ಗಿದರು. ದೇವರೇ, ಲೇಸಿಗೆ ಕೈ ಹಾಕಿದರು ಎಂದುಕೊಂಡೆ. ಇಲ್ಲ, ಅವಳ ಎತ್ತರಕ್ಕೆ ನೆಲದ ಮೇಲೆ ಕೂತುಕೊಂಡರು. ನನ್ನ ಕಡೆ ತಿರುಗಿ, "ಅಕ್ಕೋರ, ಇದನ್ನ ನಾ ಇಂಗ್ಲಿಷಿನ್ಯಾಗ ಹೇಳಾಕ ಆಗೂದಿಲ್ಲ. ನೀವು ಬಂದು ಹೇಳ್ರಿ" ಎಂದರು. ಹೋಗಿ ಪಕ್ಕದಲ್ಲಿ ನಿಂತೆ. ಅವರು ಒಂದೊಂದೇ ಮಾತು ಹೇಳಿದರು, ನಾನು ಒಂದೊಂದನ್ನೇ ಇಂಗ್ಲಿಷಿಗೆ ದಾಟಿಸಿದೆ.

"ಪೌಡರ್ ಎಲ್ಲಿಂದ ಬರಬೇಕವ್ವಾ. ಒಲಿ ಬೂದಿ ಹಚ್ಚಿದ್ದೆ. ಒಂದ್ ದಿನ ನಮ್ಮೂರ ಶಾಲೆಗೆ ಜೀಪಿನ್ಯಾಗ ಸಾಹೇಬ್ರು ಬಂದ್ರು, ಓಡೂ ಹುಡುಗರನ್ನ ಆರಿಸಾಕ. ಸಿದ್ದಿ ಹುಡುಗರನ್ನಷ್ಟ ಬ್ಯಾರೆ ಸಾಲು ನಿಂದ್ರಿಸಿದ್ರು. ಎತ್ತರ ಅಳದ್ರು. ಕಾಲು ಹಿಚುಕಿ ನೋಡಿದ್ರು, ಸಂತ್ಯಾಗ ಎತ್ತು ನೋಡಿದಂಗ. ನನಗ ಆ ಸಾಲು ಬ್ಯಾಡಾಗಿತ್ತು. ನನ್ನ ಗೆಳ್ಯಾ ಇನ್ನೊಂದು ಕಡೆ ನಿಂತಿದ್ದ, ಅವನಂಗ ಕಾಣಬೇಕು ಅಂತ ಮರುದಿನಾ ಮುಂಜಾನೆ ಕಾಲಿಗೆ, ಮಾರಿಗೆ ಬೂದಿ ಬಳಕೊಂಡು ಹೋದೆ. ಸಾಹೇಬ್ರು ಮತ್ತ ಬಂದಿದ್ರು, ಹಸಿ ಅರಿವಿ ತರಿಸಿ ಎಲ್ಲಾರ ಮುಂದ ಒರೆಸಿದ್ರು. ಎಲ್ಲಾರೂ ನಕ್ಕರು."

ಕೊನೆಯ ಮಾತನ್ನು ನಾನು ಎರಡು ಸಲ ಹೇಳಬೇಕಾಯಿತು. ಅವರು ಅಲ್ಲಿಯವರೆಗೆ ಕಾದು ಮುಂದುವರಿದರು.

"ಮನಿಗೆ ಹೋಗಿ ಆಜಿ ಮುಂದ ಅತ್ತೆ. ಆಜಿ ನನ್ನ ಕಾಲು ತನ್ನ ತೊಡಿ ಮ್ಯಾಲ ಇಟ್ಟಕೊಂಡ್ಲು. 'ಇವು ಯಾರ ಕಾಲು ಗೊತ್ತೈತೇನು? ನಮ್ಮ ಹಿರ್ಯಾರನ್ನ ಸರಪಳಿ ಹಾಕಿ ಹಡಗಿನ್ಯಾಗ ಗೋವಾಕ್ಕ ತಂದ್ರು. ಮಾರಿದ್ರು. ಒಂದ್ ದಿನ ಅವ್ರು ಓಡಿದ್ರು. ಹೊಳಿ ದಾಟಿ, ಘಟ್ಟಾ ಹತ್ತಿ, ಕಾಡು ಹೊಗೂತನಾ ಓಡಿದ್ರು. ಸಿಕ್ಕಿಬಿದ್ದಿದ್ರ ನಾನೂ ಇಲ್ಲ, ನೀನೂ ಇಲ್ಲ. ಓಡಿ ಗೆದ್ದಾರ ಕಾಲು ಇವು. ಇವನ್ನ ಮುಚ್ಚಬ್ಯಾಡ' ಅಂದ್ಲು. ಅವತ್ತಿಂದ ಹಚ್ಚಿಲ್ಲ ನೋಡವ್ವಾ."

ಪವಿತ್ರಾ ಅವರ ಕಾಲನ್ನೇ ನೋಡುತ್ತಿದ್ದಳು. ಆಮೇಲೆ, "ತುಂಬಾ ಫಾಸ್ಟ್ ಓಡಿದ್ರಾ ಅವರು?" ಎಂದಳು.

ಬಸ್ತ್ಯಾಂವ್ ಸರ್ ಎದ್ದು ಸೀಟಿ ಊದಿದರು. "ಈಗ ಇನ್ನೊಂದು ಸಾಲು. ಓಡಿ ಗೆದ್ದವರ ಹಿಂದೆ ಯಾರು ಯಾರು?" ಎಂದು ವೇದಿಕೆಯಿಂದ ಕೆಳಗೆ ಹಾರಿ ಓಡಿದರು. ಪವಿತ್ರಾ ಅವರ ಬೆನ್ನಿಗೆ. ಅವಳ ಬೆನ್ನಿಗೆ ಯಜಮಾನರು, ಗುಲಾಮರು, ಹಾಡಿನವರು, ಇಡೀ ಮೂರನೇ ಕ್ಲಾಸು. ಥರ್ಮೋಕೋಲಿನ ಹತ್ತಿ ಗಿಡಗಳು ಉರುಳಿದವು. ಹಾಲಿಗೆ ಒಂದು ಸುತ್ತು ಹೊಡೆದು, ಬಂದವರ ಕುರ್ಚಿಯ ಎದುರಿಂದ ಹಾದು, ಹಿಂದಿನ ಬಾಗಿಲಿಂದ ಅಂಗಳಕ್ಕೆ ಹೋದರು. ಹೊರಗಿನ ಬಿಸಿಲಿನಿಂದ ಪವಿತ್ರಾ ಕೂಗುವುದು ಕೇಳಿಸಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಮೈಕಿನ ಮುಂದೆ ಅತ್ತುಬಿಟ್ಟೆ.

ಇಂಗ್ಲೆಂಡಿನ ಹೆಂಗಸು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದು ಪ್ರತಿ ವರ್ಷ ನಡೆಯುತ್ತದೆಯೇ ಎಂದು ಮಿಸೆಸ್ ಮಾಥುರ್‌ರನ್ನು ಕೇಳಿದರು. ಮಿಸೆಸ್ ಮಾಥುರ್ ಕಣ್ಣು ಪಿಳುಕಿಸದೆ, "ಖಂಡಿತ" ಎಂದರು. ಮಾನ್ಯತೆ ಬಂತು. ಬಣ್ಣದ ಪೆಟ್ಟಿಗೆ ಶೋಭಾಳ ಮನೆಗೆ ವಾಪಸು ಹೋಯಿತು. ಅವಳು ನಮ್ಮಿಬ್ಬರೊಡನೆ ಮಾತು ಬಿಟ್ಟಿದ್ದವಳು, ಒಂದು ಮಧ್ಯಾಹ್ನ ಸರ್ ಡಬ್ಬಿ ಹಿಡಿದು ಒಳಗೆ ಬಂದಾಗ ಪಕ್ಕದ ಕುರ್ಚಿಯಿಂದ ತನ್ನ ಬ್ಯಾಗು ತೆಗೆದು ನೆಲದ ಮೇಲಿಟ್ಟಳು. ಸರ್ ಅಲ್ಲಿ ಕೂತರು, ಚಟ್ನಿ ಸರಿಸಿದರು.

ವೀಸಾದ ಕಾಗದಕ್ಕೆ ಸಹಿ ಮಾತ್ರ ಬೀಳಲಿಲ್ಲ. ನವೆಂಬರಿನ ಕೊನೆಗೆ ಮಿಸೆಸ್ ಮಾಥುರ್, ಬಸ್ತ್ಯಾಂವ್ ಸರ್ ಅವರನ್ನು ಕರೆದು, ಹೊಸ ಬೋರ್ಡಿಗೆ ತಕ್ಕ ಶಿಸ್ತು ಬೇಕಾಗಿದೆ, ಕಾಂಟ್ರ್ಯಾಕ್ಟ್ ಮುಂದುವರಿಸಲಾಗುವುದಿಲ್ಲ ಎಂದರಂತೆ. ಅವರ ವೀಸಾದ ಸ್ಪಾನ್ಸರ್ ಶಾಲೆಯೇ ಆದ್ದರಿಂದ, ಶಾಲೆಯ ಒಪ್ಪಿಗೆಯಿಲ್ಲದೆ ಅಲ್ಲಿ ಬೇರೆ ಕೆಲಸ ನೋಡಿಕೊಳ್ಳುವ ದಾರಿಯೂ ಇರಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ, ಪ್ರಿನ್ಸಿಪಾಲರ ಬಾಗಿಲು ತಟ್ಟಿದೆ. ಶೋಭಾಳೂ ಜೊತೆಗೆ ಬಂದಳು. ಏನೂ ಆಗಲಿಲ್ಲ.

ಹೊರಡುವ ಮುನ್ನಾದಿನ ಅವರು ಗೇಟಿನ ಹತ್ತಿರ ಇದ್ರೀಸನ ಜೊತೆ ಚಾ ಕುಡಿಯುತ್ತಿದ್ದರು. ಚಪ್ಪಲಿಯಲ್ಲಿ ಬಂದಿದ್ದರು, ಕಟ್ಟಲು ಲೇಸು ಇರಲಿಲ್ಲ. ನಾನು, "ಆ ಹತ್ತು ನಿಮಿಷ ನಿಮಗೆ ಎಷ್ಟು ದುಬಾರಿ ಬಿತ್ತು ಸರ್" ಎಂದೆ.

"ಹುಡುಗ್ಯಾರಿಗೆ ವಿಮಾನ ತಪ್ಪಿತು, ಅದು ಖರೇ ಅಂದ್ರ ಸಂಕಟಾ ಆಗೈತ್ರಿ" ಎಂದರು. ಒಂದು ಗುಟುಕು ಚಾ ಕುಡಿದು, "ಆದ್ರ ಆ ಹುಡುಗಿ ನನ್ನ ಕೇಳಿದ್ದನ್ನ, ನಾ ಸಣ್ಣಾವಿದ್ದಾಗ ಯಾರನ್ನೂ ಕೇಳಾಕ ಆಗಿರಲಿಲ್ರಿ ಅಕ್ಕೋರ. ಯಾರೂ ಬಾಜೂಕ ನಿಂತಿರಲಿಲ್ಲ" ಎಂದರು. ಆಮೇಲೆ ಲೋಟವನ್ನು ಇದ್ರೀಸನಿಗೆ ಕೊಟ್ಟು, ಕೈ ಮುಗಿದು, ಬಸ್‌ಸ್ಟಾಪಿನ ಕಡೆ ನಡೆದರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಹಳಿಯಾಳದ ಕಡೆ ಒಂದು ಶಾಲೆಯಲ್ಲಿದ್ದಾರೆ ಎಂದು ಯಾರೋ ಹೇಳಿದರು, ಹೆಚ್ಚಿಗೆ ಗೊತ್ತಾಗಲಿಲ್ಲ.

ಜನವರಿಯಲ್ಲಿ ಹೊಸ ಪಿ.ಟಿ. ಸರ್ ಬಂದರು. ಮೊದಲ ಬೆಳಗ್ಗೆಯೇ ಗಿಡ್ಡವರು ಮುಂದೆ, ಉದ್ದದವರು ಹಿಂದೆ. ಮೂರನೇ ಕ್ಲಾಸ್ 'ಬಿ' ಕೂಡ ತಕರಾರಿಲ್ಲದೆ ಹಾಗೇ ನಿಂತಿತು. ಪವಿತ್ರಾ ನಡುವಿನಲ್ಲಿದ್ದಳು. ಆದರೆ ಅವಳ ಹಿಂದೆ ಒಬ್ಬ ದೊಡ್ಡ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ, ಅದರಾಚೆ ಉಳಿದ ಮಕ್ಕಳು. ಹೊಸ ಸರ್, ಗ್ಯಾಪ್ ಮುಚ್ಚಿ ಎಂದರು. ಯಾರೂ ಅಲುಗಲಿಲ್ಲ. ಅವರೇ ಬಂದು ಹಿಂದಿನ ಹುಡುಗನ ಭುಜ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದರು. ಅವರು ಆಚೆ ತಿರುಗಿದ ಕೂಡಲೇ ಹುಡುಗ ತನ್ನ ಹಳೇ ಜಾಗಕ್ಕೆ ಹೋಗಿ ನಿಂತ.

"ಇಲ್ಲಿ ಯಾರು ಆಬ್ಸೆಂಟ್?" ಎಂದು ಅವರು ರೇಗಿದರು.

"ಬಸ್ತ್ಯಾಂವ್ ಸರ್" ಎಂದಳು ಪವಿತ್ರಾ, ಅಂಗಳಕ್ಕೆಲ್ಲ ಕೇಳುವ ಹಾಗೆ.

ಹೊಸ ಸರ್ ನನ್ನ ಮುಖ ನೋಡಿದರು. ಅವರು ಊರಿಗೆ ಹೋಗಿದ್ದಾರೆ, ಜಾಗ ಅವರದೇ, ಇರಲಿ ಬಿಡಿ ಎಂದೆ. ಆ ವರ್ಷ ಮುಗಿಯುವವರೆಗೂ ನನ್ನ ಕ್ಲಾಸು ಹಾಗೆಯೇ ನಿಂತಿತು.